ಒಂದೇ ಉಡಿಯಲ್ಲಿ ಎರಡು ಬೀಜ

ಪ್ರೀತಿಯ ಮುತ್ಯಾ,

ನೀನು ಕಲಿಸಿದ ಅಕ್ಷರದಲ್ಲಿ ನಿನಗೇ ಬರೆಯುತ್ತಿರುವ ಮೊದಲ ಕಾಗದ ಇದು. ಸಾಲಿ ಕಲಿತದ್ದೆಲ್ಲ ಮರಾಠಿಯಲ್ಲಿ, ಕನ್ನಡ ಕಲಿತದ್ದು ನೀನು ಮಲಗುವ ಹೊರಸಿನ ಪಕ್ಕ ಕೂತು. ಅಲ್ಲಲ್ಲಿ ತಪ್ಪು ಸಿಗಬಹುದು. ಸಿಕ್ಕರೆ ಅದು ಮೇಷ್ಟ್ರ ತಪ್ಪು ಅಂತಲೇ ನಾನು ವಾದ ಮಾಡುತ್ತೇನೆ, ನಿನಗೆ ಗೊತ್ತಲ್ಲ.

ಒಂದು ದಿನ ನೀನು ಬದುವಿನ ಮೇಲೆ ನಿಂತು ಒಂದು ಗಿಡ ತೋರಿಸಿ ಇದೇನು ಅಂತ ಕೇಳಿದ್ದೆ. ನಾನು ಸಾಲಿಯಲ್ಲಿ ಕಲಿತಂತೆ ಆಘಾಡಾ ಅಂದೆ. ನೀನು, "ಅದು ಸಾಲಿಯೊಳಗಿನ ಹೆಸರು. ನಮ್ಮ ಹೊಲದಾಗ ಇದು ಉತ್ತರಾಣಿ" ಅಂದೆ. ಆಮೇಲೆ ಹನ್ನೊಂದನೇ ಇಯತ್ತೆಯ ಸಸ್ಯಶಾಸ್ತ್ರದ ಪಾಠದಲ್ಲಿ ಅದೇ ಗಿಡಕ್ಕೆ ಮೂರನೆಯ, ಶಾಸ್ತ್ರೀಯ ಹೆಸರೊಂದು ಸಿಕ್ಕಿತು. ಅದರ ಬೇರು, ಎಲೆ, ಬೀಜ ಬಿಡಿಸಿ ನೋಡಿದ ದಿನ ನನಗೆ ಊಟ ಬೇಕಾಗಲಿಲ್ಲ. ಅವತ್ತೇ ತಿಳಿಯಿತು, ನನಗೆ ಸಸ್ಯಶಾಸ್ತ್ರವೂ ಬೇಕು, ನಿನ್ನ ಕನ್ನಡವೂ ಬೇಕು. ಒಂದನ್ನು ಬಿಟ್ಟು ಇನ್ನೊಂದು ಅಂದರೆ ಹೇಗೆ...

ಈ ವರ್ಷ ಸೊಲ್ಲಾಪುರದ ಕಾಲೇಜಿನ ಫಾರ್ಮ್ ತುಂಬುವಾಗ ಗೊತ್ತಾಯಿತು, ಈಗ ಎರಡು ವಿಷಯ ಮುಖ್ಯವಾಗಿ ತಗೊಳ್ಳಬಹುದಂತೆ. ಡಬಲ್ ಮೇಜರ್ ಅನ್ನುತ್ತಾರೆ. ಮೊದಲನೆಯ ಖಾನೆಯಲ್ಲಿ ಸಸ್ಯಶಾಸ್ತ್ರ ಅಂತ ಬರೆದು ಎರಡನೆಯದನ್ನು ಒಂದು ವಾರ ಖಾಲಿ ಬಿಟ್ಟಿದ್ದೆ. ಅಪ್ಪ ಒಪ್ಪಲಿಲ್ಲ. "ಮನ್ಯಾಗ ಮಾತಾಡೂದೇ ಕನ್ನಡ ಅದ. ಅದಕ್ಕ ಮತ್ತ ಡಿಗ್ರಿ ಯಾಕ ಬೇಕು? ಒಂದು ಹಿಡಿ, ಬರೋಬರ ಕಲಿ" ಅಂದ. ನಾನು ಬಾಯಿ ತೆಗೆಯುವ ಮೊದಲೇ ಇನ್ನೊಂದು ಮಾತು ಸೇರಿಸಿದ: "ಸೋಯಾದಾಗ ತೊಗರಿ ಕಲಸಿದಾಕಿ ನೀ. ಮರ್ತೀಯೇನು?"

ಮರೆಯಲು ಯಾರು ಬಿಟ್ಟಿದ್ದಾರೆ ಮುತ್ಯಾ? ಬೀಗರ ಮನೆಯಲ್ಲಿ ಊಟಕ್ಕೆ ಕೂತರೂ ಆ ಕಥೆಯೇ.

ಆಗ ನಾನು ಒಂಬತ್ತನೇ ಇಯತ್ತೆ. ಕೂರಿಗೆ ನೀನು ಹೊಡೆಯುತ್ತಿದ್ದೆ. ಸೋಯಾ ಬೀಜ ಅವ್ವನ ಉಡಿಯಲ್ಲಿ, ತೊಗರಿ ನನ್ನ ಓಢಣಿಯ ಉಡಿಯಲ್ಲಿ. ನಾಲ್ಕು ಸಾಲು ಸೋಯಾ ಆದ ಮೇಲೆ ಒಂದು ಸಾಲು ತೊಗರಿ. ಅವ್ವ ಬುತ್ತಿ ತರಲು ಮನೆಗೆ ಹೋದಾಗ ತನ್ನ ಬೀಜವನ್ನೂ ನನಗೇ ಕೊಟ್ಟಳು. ಎರಡು ಗಂಟು ಯಾರು ಹೊರಬೇಕು, ಹೇಗಿದ್ದರೂ ಎರಡೂ ಬೀಳುವುದು ಇದೇ ಹೊಲಕ್ಕೆ ತಾನೇ ಅಂತ ಎರಡನ್ನೂ ಒಂದೇ ಉಡಿಗೆ ಸುರಿದುಬಿಟ್ಟೆ. ನಿನ್ನ ಕಣ್ಣು ಎತ್ತಿನ ಮೇಲಿತ್ತು. ಬಾವಿ ಕಡೆಯ ತುಂಡು ಪೂರ್ತಿ ಹಾಗೇ ಬಿತ್ತಿ ಮುಗಿಯಿತು.

ಮೊಳಕೆ ಬಂದಾಗ ಊರೆಲ್ಲ ನಕ್ಕಿತು. ನೀನು ಬೈಯಲಿಲ್ಲ, ಒಂದು ಗಿಡವನ್ನೂ ಕೀಳಗೊಡಲಿಲ್ಲ. ಸೋಯಾ ಕೊಯ್ಯುವ ದಿನ ನನಗೆ ಸಾಲಿ ಬಿಡಿಸಿ, ಹಳೇ ಸೀರೆಯ ಚೂರು ಕೈಗೆ ಕೊಟ್ಟು, ಕುಡುಗೋಲಿನವರ ಮುಂದೆ ನಡೆಸಿದೆ. ಸೋಯಾದ ಜೊತೆ ಕೊಯ್ದುಹೋಗದಿರಲಿ ಅಂತ ನಾನು ಒಂದೊಂದು ತೊಗರಿ ಗಿಡಕ್ಕೂ ಒಂದೊಂದು ಚೂರು ಕಟ್ಟುತ್ತ ಹೋದೆ. ಸೊಂಟ ಮುರಿದುಹೋಯಿತು. ಸಂಜೆ ನಾನು ಅಳುತ್ತ, ಇನ್ನು ಮುಂದೆ ಒಂದೇ ಬೆಳೆ ಹಾಕೋಣ ಅಂದಾಗ ನೀನು ಹೇಳಿದ್ದನ್ನು ಮನೆಯವರೆಲ್ಲ ಮರೆತಿದ್ದಾರೆ. ನನಗೆ ನೆನಪಿದೆ.

"ಎರಡು ಬಿತ್ತಿದ್ದು ತಪ್ಪಲ್ಲ ತಂಗೀ. ಎರಡೂ ಒಂದೇ ಉಡ್ಯಾಗ ಹಾಕ್ಕೊಂಡಿದ್ದು ತಪ್ಪು."

ಅಪ್ಪನಿಗೆ ಇದನ್ನೇ ಹೇಳಿದೆ. ಬರೀ ಮಾತಲ್ಲಿ ಅಲ್ಲ, ವೇಳಾಪತ್ರಿಕೆ ಬರೆದು ಮುಂದಿಟ್ಟೆ. ಸಸ್ಯಶಾಸ್ತ್ರದ ಪ್ರಯೋಗ ಬೆಳಗ್ಗೆ, ಅದರ ಜರ್ನಲ್ ಅದೇ ವಾರ ಮುಗಿಸಲೇಬೇಕು. ಕನ್ನಡ ನಿಧಾನ ಓದುವಂಥದ್ದು, ಮಧ್ಯಾಹ್ನ ಮತ್ತು ರಜೆಗೆ. ಸೋಯಾ ಮನೆಗೆ ಬಂದ ಮೇಲೂ ತೊಗರಿ ಹೊಲದಲ್ಲಿ ನಿಂತಿರುತ್ತದಲ್ಲ, ಹಾಗೆ. ಅಪ್ಪ ಹಾಳೆಯನ್ನು ಎರಡು ಸಲ ಓದಿದ. ಎದ್ದು ಎತ್ತಿಗೆ ನೀರು ಕುಡಿಸಲು ಹೋದ. ನಾನು ಕಾಯಲಿಲ್ಲ. ಎರಡನೆಯ ಖಾನೆ ತುಂಬಿ ಕಳಿಸಿಬಿಟ್ಟೆ. ಹೆದರಿಕೆ ಆಗಲಿಲ್ಲವೇ ಅಂತ ಕೇಳುತ್ತೀಯಾ? ಆಯಿತು, ಅಪ್ಪನ ಮುಖ ನೆನೆದು. ವಿಷಯಗಳನ್ನು ನೆನೆದು ಮಾತ್ರ ಒಂಚೂರೂ ಆಗಲಿಲ್ಲ.

ಮೊನ್ನೆ ನನ್ನನ್ನು ಕಳಿಸಲು ಅಪ್ಪ ನಮ್ಮ ಸಾಸ್ತೂರಿನಿಂದ ಉಮರ್ಗಾ ಸ್ಟ್ಯಾಂಡಿನವರೆಗೆ ಬೈಕಿನಲ್ಲಿ ಬಂದ. ಸೊಲ್ಲಾಪುರದ ಬಸ್ಸಿನಲ್ಲಿ ಕೂತ ಮೇಲೆ ಕಿಟಕಿಯಿಂದ ಎರಡು ಬಟ್ಟೆಯ ಚೀಲ ಒಳಗೆ ಕೊಟ್ಟ. ಅವ್ವ ಹೊಲಿದದ್ದು, ಒಂದು ಹಸಿರು, ಒಂದು ಕೆಂಪು. ಎರಡೂ ಖಾಲಿ.

"ಎರಡು ಯಾಕಪ್ಪಾ?" ಅಂದೆ.

"ಎರಡರ ಪುಸ್ತಕಾನೂ ಒಂದರಾಗ ತುಂಬಬ್ಯಾಡ" ಅಂದ. "ನಿನ್ನ ಉಡಿ ನೋಡೀನಿ ನಾ."

ಅವನೂ ನಿನ್ನ ಮಾತನ್ನು ಒಪ್ಪಿಕೊಂಡ ಹಾಗಾಯಿತು ಮುತ್ಯಾ. ಇದೊಂದು ಸುದ್ದಿ ನಿನಗೆ ಮುಟ್ಟಿಸಬೇಕಿತ್ತು. ಎಳ್ಳ ಅಮವಾಸ್ಯೆಗೆ ಎಲ್ಲರೂ ಹೊಲದಲ್ಲಿ ಊಟಕ್ಕೆ ಸೇರುವಾಗ ಬರುತ್ತೇನೆ. ಬಾವಿ ಬದುವಿನಲ್ಲಿ ನಿನ್ನನ್ನು ಮಣ್ಣು ಮಾಡಿ ಕಟ್ಟಿದ ಗದ್ದುಗೆಯ ಪಕ್ಕ ಕೂತು ಕನ್ನಡದ ಕೆಂಪು ಚೀಲದಿಂದ ಒಂದು ಪುಸ್ತಕ ತೆಗೆದು ಜೋರಾಗಿ ಓದುತ್ತೇನೆ. ತೊಗರಿ ಆಗ ಇನ್ನೂ ನಿಂತಿರುತ್ತದೆ.

ನಿನ್ನ ಮೊಮ್ಮಗಳು