ಬದಲಾಗದ ವಿಳಾಸ

ಫೆಬ್ರವರಿ 9

ಹೆಂಡತಿಯ ಮುಖ ತೊಳೆಸಿ, ಹಾಲು ಕುಡಿಸಿ, ಮಗ್ಗುಲು ತಿರುಗಿಸಿ, ಮನೆಗೆ ಬೀಗ ಹಾಕಿ ಹೊರಟೆ. ಅಂಗಡಿಯಲ್ಲಿ ಒಂದು ಪ್ಯಾಂಟಿನ ಕಾಲು ಹೊಲಿದು ಫೋನ್ ನೋಡಿದರೆ ಅವಳ ಕೋಣೆ ಗೋಡೆಗೆ ಹಾಕಿಸಿದ ಕ್ಯಾಮೆರಾದ ಚಿತ್ರ ಇಲ್ಲ. ಕಪ್ಪು. ಮನೆಯಲ್ಲಿ ಕರೆಂಟ್ ಹೋಗಿ ಬಂದಿರಬೇಕು. ಕತ್ತರಿ ಬಿಸಾಕಿ ಓಡಿದೆ. ಹೆಂಡತಿ ಆರಾಮಾಗಿ ಮಲಗಿದ್ದಾಳೆ. ಪ್ರಾಣ ಬಾಯಿಗೆ ಬಂದದ್ದು ನನಗೆ.

ಕೇಬಲ್‌ನವನನ್ನು ಕರೆಸಿ ಚೆನ್ನಾಗಿ ಉಗಿದೆ.

"ಯಜಮಾನ್ರೇ, ಕರೆಂಟ್ ಹೋಗಿ ಬಂದಾಗೆಲ್ಲ ನಿಮ್ಮನೆ ಐಪಿ ಬದಲಾಗುತ್ತೆ. ಇಂಟರ್ನೆಟ್ಟಲ್ಲಿ ಅದೇ ಮನೆ ವಿಳಾಸ ಇದ್ದಂಗೆ. ನಿಮ್ಮ ಫೋನು ಹಳೇ ವಿಳಾಸದಲ್ಲಿ ಹುಡುಕ್ತಾ ಇರುತ್ತೆ."

"ಮನೆ ನಿಂತಲ್ಲೇ ನಿಂತಿದೆ. ವಿಳಾಸಕ್ಕೇನು ಕಾಲು ಬಂತಾ?"

"ಸ್ಟ್ಯಾಟಿಕ್ ಐಪಿ ಹಾಕಿಸ್ಕೊಳ್ಳಿ. ವಿಳಾಸ ಅಲ್ಲಾಡೋದೇ ಇಲ್ಲ."

ಹಾಕು ಅಂದೆ. ಕ್ಯಾಮೆರಾದ ಪಾಸ್‌ವರ್ಡೂ ಬದಲಾಯಿಸಿ ಅಂದ. ಡಬ್ಬದ ಮೇಲೆ ಬರೆದಿರೋದೇ ಇರಲಿ, ಊರವರ ಸೊಂಟದ ಅಳತೆ ನೆನಪಿಟ್ಟುಕೊಳ್ಳೋದೇ ನನಗೆ ಸಾಕಾಗಿದೆ ಅಂದೆ.

ಫೆಬ್ರವರಿ 12

ಈಗ ಸರಿ. ಫೋನ್ ಒತ್ತಿದರೆ ಅವಳು. ಮಾತೂ ಹೋಗುತ್ತೆ. "ಏಯ್, ನೀರು ಕುಡಿ" ಅಂದೆ. ಎಡಗೈಯಲ್ಲಿ ಲೋಟ ಎತ್ತಿದಳು. ಲಕ್ವ ಹೊಡೆದ ಮೇಲೆ ಅವಳ ಮಾತು ಕೇಳೋದು ಅದೊಂದೇ ಕೈ.

ಆ ಕ್ಯಾಮೆರಾದಲ್ಲಿ ಯಾರ ದನಿಯಾದರೂ ತಗಡು ಬಡಿದ ಹಾಗೇ. ಸಂಜೆ ಕೇಳಿದೆ, ನನ್ನ ದನಿ ಹೇಗೆ ಕೇಳುತ್ತೆ?

"ಮನೇಲೂ... ಹಾಗೇ... ರೀ."

ನಕ್ಕಳು. ಬಹಳ ದಿನಕ್ಕೆ.

ಫೆಬ್ರವರಿ 27

ಬಂದಾಗ ಹಾಸಿಗೆ ಅಂಚಲ್ಲಿ ಕೂತಿದ್ದಳು. ತಾನಾಗೇ.

"ಯಾರು ಎಬ್ಬಿಸಿದ್ದು?"

"ನೀವೇ... ಅಂದ್ರಲ್ಲ. ಕೂತ್ಕೋ... ಅಂತ."

ಅಂದಿಲ್ಲ. ಇವತ್ತು ತಲೆ ಎತ್ತಲಾಗದಷ್ಟು ಕೆಲಸ, ಫೋನ್ ಮುಟ್ಟೇ ಇಲ್ಲ. ಕನಸಿರಬೇಕು... ಕೂತಳಲ್ಲ, ಅಷ್ಟೇ ಸಾಕು.

ಮಾರ್ಚ್ 8

ಮೇಜಿನ ಪಕ್ಕ, ಕುರ್ಚಿ ಹಿಡಿದು ನಿಂತಿದ್ದಾಳೆ! ಬಿದ್ದರೆ ಏನು ಗತಿ, ತಲೆ ಕೆಟ್ಟಿದೆಯಾ ಅಂತ ರೇಗಿದೆ. ಅವಳ ಮುಖ ಸಣ್ಣಗಾಯಿತು.

"ಬೆಳಿಗ್ಗೆ... ಎಷ್ಟು ಚೆನ್ನಾಗಿ ಮಾತಾಡಿದ್ರಿ. ಚಿನ್ನಾ... ಅಂದ್ರಿ."

ಮದುವೆಯಾದಾಗಿನಿಂದ ಆ ಪದ ನನ್ನ ಬಾಯಲ್ಲಿ ಬಂದಿಲ್ಲ.

ಮಾರ್ಚ್ 9

ಫೋನ್ ಎದುರಿಗಿಟ್ಟುಕೊಂಡೇ ಕಾಜಾ ಹೊಲೀತಿದ್ದೆ. ಮಧ್ಯಾಹ್ನ ಚಿತ್ರ ಅಲ್ಲಾಡಿತು. ಕ್ಯಾಮೆರಾ ಕತ್ತು ತಿರುಗಿಸುತ್ತಿದೆ. ನಾನು ಏನೂ ಒತ್ತಿಲ್ಲ. ಹಾಸಿಗೆ... ಮೇಜು... ಹಿತ್ತಲ ಬಾಗಿಲು. ಅಲ್ಲಿ ನಿಂತಿತು.

"ಬಾ ಚಿನ್ನಾ. ಇನ್ನೊಂದು ಹೆಜ್ಜೆ. ಚಿಲಕ ಮುಟ್ಟು, ನೋಡೋಣ."

ತಗಡಿನ ದನಿ. ಅವಳು ಗೋಡೆ ಹಿಡಿದು ಹೋಗ್ತಿದ್ದಾಳೆ. ನಗ್ತಾ.

"ಏಯ್! ಅದು ನಾನಲ್ಲ!" ಕಿರುಚಿದೆ. ತಿರುಗಿ ಕ್ಯಾಮೆರಾ ನೋಡಿದಳು. ಅವಳಿಗೆ ಎರಡೂ ನನ್ನ ದನಿಯೇ. ಬೈಯೋದು ಒಂದು, ಕರೆಯೋದು ಒಂದು.

ಚಪ್ಪಲಿ ಮೆಟ್ಟದೆ ಓಡಿದೆ. ಚಿಲಕ ಅರ್ಧ ಸರಿದಿತ್ತು.

ಮಾರ್ಚ್ 10

ಮಗಳು ಬಂದು ಬಾಯಿಗೆ ಬಂದ ಹಾಗೆ ಬೈದಳು. ಯಾರ ಮಗಳು ಮತ್ತೆ.

"ವಿಳಾಸ ಬದಲಾಗಲ್ಲ, ಪಾಸ್‌ವರ್ಡ್ ಡಬ್ಬದ ಮೇಲಿಂದು. ಒಂದ್ಸಲ ಸಿಕ್ಕಿದವನಿಗೆ ದಿನಾ ಸಿಗ್ತೀರಲ್ಲಪ್ಪಾ!"

"ಬದಲಾಗೋದೇ ಮತ್ತೆ ಹಾಕಿಸಿದರಾಯ್ತು."

"ಅದರಿಂದ ಹುಡುಕೋದು ಸ್ವಲ್ಪ ಕಷ್ಟ ಆಗುತ್ತೆ, ಅಷ್ಟೇ. ಬೀಗ ಬೇಡ್ವಾ?"

ಸ್ಟ್ಯಾಟಿಕ್ ತೆಗೆಸಿದಳು. ರೂಟರಿಗೆ, ಕ್ಯಾಮೆರಾಕ್ಕೆ ಹೊಸ ಪಾಸ್‌ವರ್ಡ್. ಪೊಲೀಸರಿಗೂ ಹೇಳಿದಳು. ನನಗೆ ಸಮಾಧಾನವಾಗಲಿಲ್ಲ. ಅವಳು ಹೋದ ಮೇಲೆ ಕ್ಯಾಮೆರಾ ಕಿತ್ತು ಕಲ್ಲಲ್ಲಿ ಜಜ್ಜಿದೆ.

ಮಾರ್ಚ್ 19

ಮಷಿನ್ ಮನೆಗೇ ತಂದಿದ್ದೇನೆ. ಅವಳು ನಡೆಯೋದು ಬಿಟ್ಟಿದ್ದಾಳೆ. ಕ್ಯಾಮೆರಾ ಇದ್ದ ಮೊಳೆ ನೋಡ್ತಾ ಮಲಗ್ತಾಳೆ. ತುತ್ತು ಕೊಟ್ಟರೆ ಬಾಯಿ ತೆರೆಯಲ್ಲ.

ಇವತ್ತು ನಾನೇ ನಾಚಿಕೆ ಬಿಟ್ಟು ಅಂದೆ — "ಬಾ... ಚಿನ್ನಾ. ಒಂದು ಹೆಜ್ಜೆ."

ಮುಖ ಆಚೆ ತಿರುಗಿಸಿದಳು.

"ಅವರ ಥರ... ಮಾತಾಡಬೇಡಿ."

ಅವರು. ಗೊತ್ತಿತ್ತು ಅವಳಿಗೆ. ಯಾವತ್ತಿನಿಂದಲೋ.

ಮಾರ್ಚ್ 22, ಮಧ್ಯಾಹ್ನ

ಬಟ್ಟೆ ಹೊಲೀತಿದ್ದೆ. ಕಣ್ಣೆತ್ತಿದರೆ ಹಾಸಿಗೆ ಖಾಲಿ. ಗೋಡೆ ಹಿಡಿದು ಹಿತ್ತಲ ಬಾಗಿಲಿಗೆ ಹೊರಟಿದ್ದಾಳೆ.

"ಎಲ್ಲಿಗೆ?"

"ಕರೀತಿದ್ದಾರೆ."

"ಕ್ಯಾಮೆರಾ ಇಲ್ವಲ್ಲೇ. ಪುಡಿಪುಡಿ ಮಾಡಿದ್ದೀನಿ."

"ಅದರಲ್ಲಿ ಅಲ್ಲ... ರೀ."

ಮಷಿನ್ ನಿಲ್ಲಿಸಿದೆ. ಬಾಗಿಲಾಚೆ ದನಿ. ತಗಡಿನದಲ್ಲ. ಮೆತ್ತಗೆ, ಮಗು ಎಬ್ಬಿಸೋ ಹಾಗೆ.

ಎತ್ತಿ ತಂದು ಮಲಗಿಸಿದೆ. ಮಗಳಿಗೆ ಫೋನ್ ಮಾಡಿದೆ — ಹೊರಟಿದ್ದಾಳೆ, ಪೊಲೀಸರನ್ನೂ ಕಳಿಸ್ತಾಳಂತೆ. ಹಿತ್ತಲ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೇನೆ. ಕೈ ಸುಮ್ಮನಿರಲ್ಲ, ಅದಕ್ಕೇ ಬರೀತಿದ್ದೇನೆ. ಆಚೆ ದನಿ ನಿಂತಿದೆ. ಹೋದನೋ, ಕಾಯ್ತಿದ್ದಾನೋ...

ಈಗ ಅವಳು ಮಾತಾಡಿದಳು. ಒಂದೇ ಉಸಿರಿಗೆ, ಎಲ್ಲೂ ತಡವರಿಸದೆ, ಆಚೆಗೆ ಕೇಳೋ ಹಾಗೆ:

"ಇವರು ಇಲ್ಲಿ ಅಡ್ಡ ಕೂತಿದ್ದಾರೆ. ಮುಂಬಾಗಿಲಿಂದ ಬನ್ನಿ."

ಮುಂದಿನ ಬಾಗಿಲು ನಾನು ಹಾಕಿಯೇ —