ಹದಿನೇಳನೇ ನಂಬರಿನ ಪಂಜರಕ್ಕೊಂದು ಬಾಗಿಲು

ಮಾನ್ಯರೇ, ಊರ ಗಿಡಗಳ ಉಸ್ತುವಾರಿ ಹೊತ್ತ ದೊಡ್ಡ ಸಾಹೇಬರೇ,

ಬೆಳಗಾವಿಯಲ್ಲಿ ಕ್ಯಾಂಪಿನ ಬಾಜು ನಮ್ಮ ಓಣಿಯ ಕೊನೆಗೆ ಒಂದು ಬಯಲಿದೆ. ಅಲ್ಲಿ ನೀವು ನಿಲ್ಲಿಸಿದ ತಂತಿ ಪಂಜರದೊಳಗೆ ನನ್ನ ಮಾವಿನ ಗಿಡ ಸಾಯುತ್ತಿದೆ. ಆಡು ಮೇಯಲಿಲ್ಲ, ನೀರಿಗೂ ಕೊರತೆ ಬರಲಿಲ್ಲ. ನಿಮ್ಮ ಪಂಜರಕ್ಕೆ ಬಾಗಿಲಿಲ್ಲ, ಅದಕ್ಕೆ ಸಾಯುತ್ತಿದೆ. ಮೂರು ಅರ್ಜಿ ಕೊಟ್ಟೆ. ಮೂರೂ ನಿಮ್ಮ ಕಪಾಟಿನಲ್ಲಿ ಸುಖವಾಗಿರಬಹುದು, ಅವನ್ನಂತೂ ಯಾವ ಆಡೂ ಮುಟ್ಟಿರಲಿಕ್ಕಿಲ್ಲ. ಆದ್ದರಿಂದ ನಾಲ್ಕನೆಯದನ್ನು ಪೇಪರಿಗೆ ಕಳಿಸುತ್ತಿದ್ದೇನೆ. ನಾನು ಖಾನಾಪುರದ ಕಡೆಯ ಹಳ್ಳಿಯಲ್ಲಿ ಮೂರನೇ ಇಯತ್ತೆಯವರೆಗೆ ಕಲಿತವಳು. ಕಾಗುಣಿತವನ್ನು ಸೊಸೆ ದಾನೇಶ್ವರಿ ತಿದ್ದಿದ್ದಾಳೆ. ಸಿಟ್ಟನ್ನೂ ತಿದ್ದಲು ಬಂದಳು, ಬಿಡಲಿಲ್ಲ.

ನನ್ನ ತವರಿನ ಹಿತ್ತಲಲ್ಲಿ ಒಂದು ಮಾವಿತ್ತು. ತುಪ್ಪದ ಗಿಡ ಎಂದೇ ಅದರ ಹೆಸರು. ತೊಟ್ಟು ಕಿತ್ತು ಬಾಯಿಗಿಟ್ಟರೆ ರಸ ಮೊಣಕೈವರೆಗೆ ಇಳಿಯುತ್ತಿತ್ತು. ಮಾವಿನ ದಿನಗಳಲ್ಲಿ ಅದರ ಸೀಕರಣೆ ಇಲ್ಲದೆ ನಮ್ಮ ಮನೆಯ ಯಾವ ಅಳಿಯನೂ ಊಟಕ್ಕೆ ಕುಳಿತವನಲ್ಲ. ರಸ್ತೆ ಅಗಲ ಮಾಡುವಾಗ ಹಿತ್ತಲೂ ಹೋಯಿತು, ಗಿಡವೂ ಹೋಯಿತು. ಕಡಿಯುವ ಹಿಂದಿನ ದಿನ ನನ್ನ ತಮ್ಮ ಮುತ್ತಪ್ಪ ಮೂರು ಕಡ್ಡಿ ಕೊಯ್ದು, ಹಸಿಬಟ್ಟೆಯಲ್ಲಿ ಸುತ್ತಿ, ನರ್ಸರಿಯಲ್ಲಿ ಕಸಿ ಕಟ್ಟಿಸಿದ. ಎರಡು ಒಣಗಿದವು. ಉಳಿದ ಒಂದನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ. ನಮ್ಮದು ಬಾಡಿಗೆಯ ಮಾಳಿಗೆ ಮನೆ, ನೆಡಲು ಗೇಣು ನೆಲವಿಲ್ಲ. ಬಯಲಿನಲ್ಲಿ ನೆಟ್ಟೆ.

ಪಂಜರವನ್ನು ನಾನೇ ಕಟ್ಟಿದೆ. ಕೋಳಿಗೂಡಿಗೆ ಹಾಕುವ ಜಾಳಿಗೆ ತಂದು, ದುಂಡಗೆ ಬಾಗಿಸಿ, ಎಳೆ ತೊಗಟೆಗೆ ಚುಚ್ಚದಂತೆ ತಂತಿಯ ತುದಿಗಳನ್ನೆಲ್ಲ ಮಡಚಿ, ಮೂರು ಬಿದಿರಿನ ಗೂಟಕ್ಕೆ ಬಿಗಿದೆ. ಹೆಗ್ಗಣ ತೋಡಬಾರದೆಂದು ಕೆಳಗಿನ ಅಂಚನ್ನು ಮಣ್ಣಲ್ಲಿ ಹೂತೆ. ಒಂದು ಮಗ್ಗುಲನ್ನು ಮಾತ್ರ ಪೂರಾ ಬಿಗಿಯದೆ ಮೂರು ಕೊಕ್ಕೆ ಹಾಕಿದೆ, ಬೇಕೆಂದಾಗ ಬಿಚ್ಚಿ ಒಳಗೆ ಕೈಹಾಕಲು. ಕಸಿಯ ಗಿಡಕ್ಕೆ ಕೈ ಬೇಕು ಸಾಹೇಬರೇ. ಕೆಳಗಿನ ಬುಡ ಯಾವುದೋ ಗೊರಟದಿಂದ ಹುಟ್ಟಿದ್ದು, ಮೇಲಿನ ಕಡ್ಡಿ ಮಾತ್ರ ನಮ್ಮದು. ಕಸಿ ಕಟ್ಟಿದ ಗಂಟಿನ ಕೆಳಗೆ ಬುಡ ಚಿಗುರೊಡೆದರೆ ಆಗಲೇ ಉಗುರಿನಿಂದ ಚಿವುಟಬೇಕು. ಬಿಟ್ಟರೆ ನೀರು, ಸಾರ ಎಲ್ಲವನ್ನೂ ಅದೇ ಉಂಡು ಮೇಲಿನದನ್ನು ಒಣಗಿಸುತ್ತದೆ.

ಹೋದ ವರ್ಷ ನಿಮ್ಮ ಹಸಿರು ಯೋಜನೆ ಬಂತು. ನಿಮ್ಮವರು ನನ್ನ ಪಂಜರ ಕಿತ್ತು ಗಾಡಿಗೆ ಎಸೆದರು. ಎಲ್ಲ ಪಂಜರ ಒಂದೇ ನಮೂನೆಯಲ್ಲಿ ಇರಬೇಕಂತೆ, ಬಾಗಿಲಿದ್ದರೆ ಆಡು ಒಳಗೆ ನುಗ್ಗುತ್ತದಂತೆ. ಬೆಳಗಾವಿಯ ಆಡುಗಳು ಕೊಕ್ಕೆ ಬಿಚ್ಚಲು ಕಲಿತ ಸುದ್ದಿ ನನಗೆ ಯಾರೂ ಹೇಳಿರಲಿಲ್ಲ! ಅದರ ಜಾಗದಲ್ಲಿ ನನಗಿಂತ ಎತ್ತರದ ಕಬ್ಬಿಣದ ಪಂಜರ ಬಂತು. ಸುತ್ತಲೂ ಬೆಸುಗೆ, ಬುಡಕ್ಕೆ ಸಿಮೆಂಟು, ಎರಡು ಬೆರಳು ತೂರುವಷ್ಟು ಕಿಂಡಿ. ಎದೆಯ ಮೇಲೊಂದು ತಗಡು: ನಂಬರ್ ಹದಿನೇಳು, ಹಾನಿ ಮಾಡಿದವರ ಮೇಲೆ ಕ್ರಮ.

ಈ ವರ್ಷ ಮಳೆ ಬಿದ್ದ ಎಂಟನೇ ದಿನಕ್ಕೆ ಬುಡ ಚಿಗುರಿತು. ಬಳೆ ಕಳಚಿಟ್ಟು ಕೈ ತೂರಿಸಿದೆ, ಬೆರಳ ಗೆಣ್ಣಿನ ಆಚೆ ಹೋಗಲಿಲ್ಲ. ನಿಮ್ಮ ಕಚೇರಿಗೆ ಬಂದೆ. ನೀವು ಮೀಟಿಂಗಿನಲ್ಲಿದ್ದಿರಿ. ಗುಮಾಸ್ತರು ಕೇಳಿದರು:

“ಗಿಡ ಸತ್ತೈತೇನಬೇ ಆಯಿ?”

“ಇನ್ನೂ ಇಲ್ಲಪಾ. ಸಾಯಾಕತ್ತೈತಿ.”

“ಸಾಯಾಕತ್ತೈತಿ ಅನ್ನೂ ಕಾಲಂ ನಮ್ಮಲ್ಲಿಲ್ಲ. ಬದುಕೈತಿ, ಸತ್ತೈತಿ, ಎರಡ ಅದಾವು. ಸತ್ತ ಮ್ಯಾಲ ಬಾ, ಬ್ಯಾರೆ ಸಸಿ ಕೊಡಸ್ತೀನಿ.”

“ನಿಮ್ಮವ್ವಗ ಜಡ್ಡಾದ್ರೂ ಹಿಂಗ ಅಂತೀಯೇನೋ? ಬ್ಯಾರೆ ಅವ್ವನ್ನ ಕೊಡಸ್ತಾರ, ತಡಿ ಅಂತ?”

ಅವರು ನಕ್ಕರು. ಕೆಟ್ಟವರಲ್ಲ, ಚಹಾ ತರಿಸಿಕೊಟ್ಟರು. ಬಾಗಿಲು ಕೊಡಲಿಲ್ಲ.

ಮನೆಗೆ ಬಂದು ತಂತಿ ಕತ್ತರಿಸುವ ಪಕ್ಕಡ ತೆಗೆದುಕೊಂಡು ಹೊರಟಾಗ ದಾನೇಶ್ವರಿ ಅಡ್ಡ ನಿಂತಳು. ಅವಳದು ನಿಮ್ಮಂಥದೇ ಒಂದು ಕಚೇರಿಯಲ್ಲಿ ಗುತ್ತಿಗೆಯ ನೌಕರಿ. “ಅತ್ತಿ, ನಿಮ್ಮ ಕಾಲಿಗೆ ಬೀಳ್ತೀನಿ, ತಂತಿ ಕತ್ತರಸಬ್ಯಾಡ್ರಿ. ನಿಮ್ಮ ಹೆಸರ್ಲೆ ಕೇಸಾದ್ರ ನನ್ನ ಕೆಲಸಾ ಬಿಡಿಸಿ ಮನಿಗೆ ಕಳಸ್ತಾರ” ಅಂದಳು. ಪಕ್ಕಡ ಕೆಳಗಿಟ್ಟೆ. ಹಳೆಯ ಛತ್ರಿಯ ಕಡ್ಡಿ ಬಾಗಿಸಿ ಕೊಕ್ಕೆ ಮಾಡಿ ಕಿಂಡಿಯಿಂದ ಇಳಿಸಿದೆ. ಕಣ್ಣಿಗೆ ಪೊರೆ, ಒಳಗಿನದು ಸರಿಯಾಗಿ ಕಾಣಲಿಲ್ಲ. ಎಳೆದಾಗ ಬಂದದ್ದು ಬುಡದ ಚಿಗುರಲ್ಲ, ನಮ್ಮ ಕಡ್ಡಿಯ ಎರಡು ಎಲೆ. ಆ ತಪ್ಪು ನನ್ನದು, ಅದನ್ನು ನಿಮ್ಮ ಮೇಲೆ ಹೊರಿಸುವುದಿಲ್ಲ.

ಹೋದ ವಾರ ನೀವೇ ಬಂದಿರಿ, ಫೋಟೋದವರೊಂದಿಗೆ. ಹದಿನೇಳರ ಮುಂದೆ ನಿಂತು, “ನೋಡ್ರಿ, ಎಷ್ಟ ಚಲೋ ಚಿಗತೈತಿ!” ಎಂದಿರಿ.

“ಸಾಹೇಬ್ರ, ಆ ಚಿಗರ ಅದನ್ನ ಕೊಲ್ಲಾಕತ್ತೈತ್ರಿ” ಅಂದೆ.

“ಆಯಿ, ಹಸರ ಕಂಡ್ರ ಖುಷಿ ಪಡಬೇಕು” ಎಂದು ನನ್ನ ಬೆನ್ನು ತಟ್ಟಿ ಕಾರು ಹತ್ತಿದಿರಿ. ನಿಮ್ಮ ಕಾಗದದಲ್ಲಿ ಹದಿನೇಳು ಬದುಕಿದೆ. ಇನ್ನು ಹತ್ತಾರು ವರ್ಷಕ್ಕೆ ಆ ಬುಡದ ಚಿಗುರು ಹೆಮ್ಮರವೂ ಆದೀತು. ಅದರ ಹುಳಿಹಣ್ಣು ತಿಂದವರಿಗೆ ಅಲ್ಲಿ ಇನ್ನೊಂದು ಗಿಡವಿತ್ತೆಂದು ಯಾರು ಹೇಳಬೇಕು?

ಪ್ರತಿ ಸೋಮವಾರ ಮುತ್ತಪ್ಪ ಫೋನ್ ಮಾಡುತ್ತಾನೆ. “ಅಕ್ಕಾ, ಚಿವುಟಿದೇನ?” ಎಂದು ಕೇಳುತ್ತಾನೆ. “ಚಿವುಟೇನಿ” ಅನ್ನುತ್ತೇನೆ. ಅರವತ್ತೆಂಟು ವರ್ಷದಲ್ಲಿ ತಮ್ಮನಿಗೆ ಸುಳ್ಳು ಹೇಳಿದವಳಲ್ಲ. ಈ ಮಳೆಗಾಲದಲ್ಲಿ ಏಳು ಸಲ ಹೇಳಿದೆ.

ಹೊಸ ಗಿಡ ಬೇಡ, ಫೋಟೋ ಬೇಡ, ನನ್ನ ಪಂಜರವನ್ನೂ ಮರಳಿ ಕೇಳುವುದಿಲ್ಲ. ಬೆಸುಗೆಯವನನ್ನು ಒಂದು ಗಳಿಗೆ ಕಳಿಸಿ, ನೆಲದಿಂದ ಗೇಣೆತ್ತರದಲ್ಲಿ ಒಬ್ಬ ಮುದುಕಿಯ ಕೈ ಹೋಗುವಷ್ಟು ಕಿಂಡಿ ಕೊಯ್ಯಿಸಿರಿ. ಅದಕ್ಕೊಂದು ಕೊಕ್ಕೆ ಹಾಕಿಸಿ. ನಂಬಿಕೆ ಇಲ್ಲದಿದ್ದರೆ ಬೀಗವನ್ನೇ ಹಾಕಿ ಕೀಲಿ ನೀವೇ ಇಟ್ಟುಕೊಳ್ಳಿ, ಬಂದು ಕೇಳಿ ಒಯ್ಯುತ್ತೇನೆ. ಇದನ್ನು ಬರೆಯಲು ಕುಳಿತ ದಿನ ನಮ್ಮ ಕಡ್ಡಿಯಲ್ಲಿ ನಾಲ್ಕು ಎಲೆ ಇದ್ದವು. ಇವತ್ತು ಮುಂಜಾನೆ ನೋಡಿ ಬಂದೆ. ಮೂರಿವೆ.

ಇಂತಿ,
ಬಳೆ ಕಳಚಿ ಕೈಯಲ್ಲಿ ಹಿಡಿದು ಹದಿನೇಳರ ಹೊರಗೆ ನಿಂತಿರುವ
ನಿಂಗವ್ವ