ತಾಯಿ-ಮಗುವಿನ ಮುಂದೆ ಗ್ರೂಪ್ ಫೋಟೋ

ಅಪ್ಪಾ,

ನೀನು ನೋಡಿ ನೋಡಿ ನಾಟಕದ ಪರದೆಗೆ ಬರೆಯುತ್ತಿದ್ದ ಕ್ಯಾಲೆಂಡರಿನ ತಾಯಿ-ಮಗುವಿನ ಅಸಲು ಚಿತ್ರ ಜರ್ಮನಿಯ ಡ್ರೆಸ್ಡನ್‌ನ ಮ್ಯೂಸಿಯಮ್ಮಿನಲ್ಲಿದೆ. ನೀನಂತೂ ಅದನ್ನು ನೋಡದೆಯೇ ಹೋದೆ, ನಾನಾದರೂ ನೋಡೋಣವೆಂದು ಇಲ್ಲಿ ಅಮೆರಿಕದ ಲಿವೋನಿಯಾದ ಕನ್ನಡದವರ ಕಲಾಪ್ರವಾಸಕ್ಕೆ ಸೇರಿದ್ದೆ.

ಗೈಡ್ ಬಾಯಿ ತೆರೆಯುವ ಮೊದಲೇ ನಮ್ಮವರು ಚಿತ್ರಕ್ಕೆ ಬೆನ್ನು ಹಾಕಿ ಸಾಲಾಗಿ ನಿಂತರು.

“ಬೇಗ ಬನ್ರೀ, ಇಂಡಿಯನ್ ಬಫೆ ಕ್ಲೋಸ್ ಆಗುತ್ತೆ!” ಎಂದರು ಶಿವರಾಮು ಅಂಕಲ್.

ಇವರಿಗೆ ಕಲೆಯೆಂದರೆ ಊಟಕ್ಕೆ ಮುಂಚಿನ ಕ್ಯೂ, ಅಷ್ಟೇ. ನಾನು ಒಂದು ಬದಿಗೆ ಸರಿದು ನಿಂತೆ.

“ಬಾರೇ, ಅದೇನು ನಾಚ್ಕೋತೀಯ!” ಎಂದು ಲತಾಶ್ರೀ ಆಂಟಿ ನನ್ನನ್ನೂ ನಡುವೆ ನಿಲ್ಲಿಸಿದರು. ಕ್ಲಿಕ್ಕಾದದ್ದೇ ತಡ, ಅಂಕಲ್ ಎಲ್ಲರನ್ನೂ ಬಸ್ಸಿಗೆ ಅಟ್ಟಿದರು.

ಇವತ್ತು ಫೋಟೋ ಬಂತು. ಎಲ್ಲರೂ ಹಲ್ಲು ಕಿರಿದಿದ್ದಾರೆ. ಮಗುವಿನ ಮುಖಕ್ಕೆ ಅಡ್ಡವಾಗಿರುವುದು ನನ್ನದೇ ತಲೆ. ಆ ಮಗುವಿನ ಮುಖ ನೋಡಲು ನಿನ್ನ ಕ್ಯಾಲೆಂಡರ್ ಹಾಳೆಯನ್ನೇ ಪೆಟ್ಟಿಗೆಯಿಂದ ತೆಗೆದೆ.